ಮಡ್ಡಿ ಹೊಲಕ್ಕೆ ಕೊಟ್ಟ ಬೀಜ

ನಮ್ಮ ಸೀಮೆಯ ರೈತರು ಹೊಲದಲ್ಲಿ ನಿಂತ ಬೆಳೆಯನ್ನು ಎಂದೂ ಹೊಗಳುವುದಿಲ್ಲ. ತೆನೆಯ ಭಾರಕ್ಕೆ ಗಿಡ ಬಾಗಿದ್ದರೂ ಕೇಳಿದವರಿಗೆ ‘ಎಲ್ಲಾ ಹಾಳಾಗಿ ಹೋಗೇತ್ರಿ’ ಎಂದೇ ಹೇಳುತ್ತಾರೆ. ಬಾಯಿಬಿಟ್ಟು ಚಲೋ ಅಂದರೆ ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ. ಹಾಗಾಗಿ ಬೆಳೆ ಚೆನ್ನಾಗಿದ್ದಷ್ಟೂ ಗೋಳು ಹೆಚ್ಚು. ನಾನು ಸಿಂದಗಿಯ ಮಾಸ್ತರರೊಬ್ಬರ ಮಗಳು. ಮದುವೆಯಾಗಿ ಇಂಡಿಗೆ ಬರುವವರೆಗೆ ಹೊಲವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಹೊಸದರಲ್ಲಿ ಒಬ್ಬ ರೈತ ಅಂಗಡಿಗೆ ಬಂದು, ಕಡಲೆಯೆಲ್ಲ ಒಣಗಿ ಬೂದಿಯಾಯಿತು ಎಂದು ತಲೆ ಮೇಲೆ ಕೈಹೊತ್ತು ಕೂತಾಗ ಮರುಗಿ ಎರಡು ಸಲ ಚಹಾ ತರಿಸಿಕೊಟ್ಟಿದ್ದೆ. ಅವನು ಹೋದ ಮೇಲೆ ಮಾವನವರು ಹೊಟ್ಟೆ ಹಿಡಿದು ನಕ್ಕರು. ಆ ವರ್ಷ ಅವನ ಹೊಲದಲ್ಲಿ ಬಂದಷ್ಟು ಕಡಲೆ ಊರಲ್ಲಿ ಯಾರಿಗೂ ಬಂದಿರಲಿಲ್ಲವಂತೆ.

ಮಾವನವರು ಎಂದರೆ ಜಯತೀರ್ಥರು. ಬಜಾರಿನಲ್ಲಿರುವ ನಮ್ಮ ಬೀಜ-ಗೊಬ್ಬರದ ಅಂಗಡಿ ಅವರು ಹಾಕಿದ್ದು. ಕಣ್ಣಿಗೆ ಪರೆ ಬಂದ ಮೇಲೆ ಗಲ್ಲಾಪೆಟ್ಟಿಗೆಯನ್ನು ನನಗೆ ಬಿಟ್ಟುಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ತಪ್ಪುಗಳನ್ನು ಕಿವಿಯಿಂದಲೇ ಹಿಡಿಯುತ್ತಾರೆ. ನನ್ನ ಗಂಡ ಸುಜಯ ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅವರಿಗೆ ಹೆಸರಿಗೂ ಉದ್ದಿಗೂ ವ್ಯತ್ಯಾಸ ತಿಳಿಯದು. ಹೀಗಾಗಿ ಅಂಗಡಿ ನನ್ನದೇ. ಬೀಜ ಮಾರುವವರ ಹಣೆಬರಹ ಏನೆಂದರೆ, ಬೆಳೆ ಬಂದರೆ ಮಳೆ ಚೆನ್ನಾಗಿತ್ತು, ಬರದಿದ್ದರೆ ಮಂಜರೀಬಾಯಿ ಕೊಟ್ಟ ಬೀಜ ಸರಿಯಿರಲಿಲ್ಲ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಇಂಥ ವ್ಯಾಪಾರಕ್ಕೆ ಬಿದ್ದು ಅದು ಇನ್ನಷ್ಟು ಹರಿತವಾಗಿದೆ.

ಈ ಸಲ ಹಿಂಗಾರಿ ಮಳೆ ಹುಚ್ಚುಹುಚ್ಚಾಗಿ ಬಂತು. ಜೋಳ ಬಿತ್ತುವ ಹೊತ್ತಿಗೆ ಸರಿಯಾಗಿ ಸುರಿಯತೊಡಗಿ ದಸರೆ ದಾಟುವವರೆಗೂ ಕೂರಿಗೆಯನ್ನು ಹೊಲಕ್ಕೆ ಇಳಿಸಲು ಬಿಡಲಿಲ್ಲ. ಆಮೇಲೆ ಒಮ್ಮೆಗೇ ನಿಂತು ಬಿಸಿಲು ಬಿತ್ತು. ಎಲ್ಲರೂ ಒಟ್ಟಿಗೆ ಬೀಜಕ್ಕೆ ಓಡಿಬಂದರು. ಆ ಗದ್ದಲದಲ್ಲಿ ಅಗರಖೇಡದ ಗುರಪ್ಪ ಕಾಕಾ ಬಂದು, ಯಾರನ್ನೂ ನೂಕದೆ, ಗೊಬ್ಬರದ ಚೀಲಗಳ ಹತ್ತಿರ ಸುಮ್ಮನೆ ನಿಂತಿದ್ದರು. ಅರವತ್ತು ದಾಟಿದ ಮನುಷ್ಯ. ಮಾವನವರ ಕಾಲದಿಂದಲೂ ನಮ್ಮ ಗಿರಾಕಿ. ಜನ ಕರಗಿದ ಮೇಲೆ ಮುಂದೆ ಬಂದು ಮಾಲದಂಡಿ ಕೇಳಿದರು. ಇಲ್ಲಿ ಹಿಂಗಾರಿ ಜೋಳವೆಂದರೆ ಮಾಲದಂಡಿಯೇ. ಎತ್ತರದ ಗಿಡ, ಮುತ್ತಿನಂಥ ಕಾಳು, ಸಿಹಿ ರೊಟ್ಟಿ. ಅದನ್ನು ಬೇಡವೆಂದರೆ ಜನ ಮುಖ ನೋಡುತ್ತಾರೆ.

ಹೋದ ವರ್ಷ ಜೋಳ ಎಷ್ಟು ಬಂತು ಎಂದು ಕೇಳಿದೆ. ಗುರಪ್ಪ ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

‘ಖರೇ ಹೇಳ್ತೇನಿ ಬಾಯಾರ. ಹೋದ ವರ್ಷ ಸಂತ್ಯಾಗ ಜೋಳ ತಂದು ತಿಂದೇವಿ. ಹೊಲಾ ಇದ್ದಾಂವ ಜೋಳ ಕೊಳ್ಳೂದಂದ್ರ ಹ್ಯಾಂಗಿರತೈತಿ ಹೇಳ್ರಿ. ಚೀಲಾ ಮನಿಗೆ ತರೂಮುಂದ ನಮ್ಮ ಮನ್ಯಾಕಿ ಮುಖದ ಮ್ಯಾಲ ಸೆರಗ ಎಳಕೊಂಡ ಬಂದಳು. ಈ ವರ್ಷಾನೂ ಹಂಗ ಆದ್ರ ಅಕಿ ಒಲಿ ಹಚ್ಚೂದಿಲ್ಲ.’

ನಗುತ್ತಲೇ ಹೇಳಿದರು. ಆದರೆ ಟೊಪ್ಪಿಗೆಯನ್ನು ಮತ್ತೆ ತಲೆಗೆ ಇಡುವುದನ್ನು ಮರೆತು ಕೈಯಲ್ಲೇ ಹಿಡಿದು ನಿಂತರು.

ಅವರ ಹೊಲ ಊರ ಮೇಲಿನ ಮಡ್ಡಿಯಲ್ಲಿದೆ. ಅಣ್ಣತಮ್ಮಂದಿರು ಪಾಲಾದಾಗ ಕಪ್ಪು ಮಣ್ಣಿನ ಎರೆಭೂಮಿ ಅಣ್ಣನಿಗೆ, ಮಡ್ಡಿ ಇವರಿಗೆ. ಮೊಳದಷ್ಟು ಮಣ್ಣು, ಅದರ ಕೆಳಗೆ ಗರಸುಕಲ್ಲು. ಎಷ್ಟು ಮಳೆ ಬಂದರೂ ಅದರಲ್ಲಿ ಹಸಿ ನಿಲ್ಲುವುದಿಲ್ಲ. ಹೋದ ವರ್ಷ ಅಲ್ಲಿ ಮಾಲದಂಡಿ ತಿಂಗಳುಗಟ್ಟಲೆ ಸೊಂಪಾಗಿ ಬೆಳೆದು, ತೆನೆ ಹೊಡೆಯುವ ಹೊತ್ತಿಗೆ ನೆಲದ ಹಸಿ ತೀರಿ, ಗಿಡಗಳು ಬುಡದಲ್ಲಿ ಬೆಂಡಾಗಿ ಸಾಲಿಗೆ ಸಾಲೇ ಮಲಗಿದ್ದವಂತೆ. ಅದು ಸರಿಯಾದ ಹೊತ್ತಿಗೆ ಬಿತ್ತಿದ ವರ್ಷ. ಈ ವರ್ಷವಂತೂ ಬಿತ್ತನೆಯೇ ತಡ. ಮಾಲದಂಡಿ ಬಿತ್ತಿದರೆ ಏನಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಂಗಡಿಯಲ್ಲೇ ಕೂತಿದ್ದ ಕಂಪನಿಯ ಮನುಷ್ಯ ಎದ್ದುಬಂದು ತನ್ನ ಹೈಬ್ರಿಡ್ ಬೀಜದ ಚೀಲ ತೋರಿಸಿದ. ಅದರ ಮೇಲೆ ಮಗುವಿನ ತಲೆಯಷ್ಟು ದೊಡ್ಡ ತೆನೆಯ ಚಿತ್ರ. ಎಕರೆಗೆ ಇಷ್ಟು ಚೀಲ, ಅಷ್ಟು ಚೀಲ ಎಂದು ಶುರುಮಾಡಿದ. ಗುರಪ್ಪ ಕಾಕಾನ ಕಣ್ಣು ಆ ಚಿತ್ರಕ್ಕೆ ಅಂಟಿಕೊಂಡಿತು. ಆ ಬೀಜ ಕೆಟ್ಟದ್ದಲ್ಲ. ಮುಳವಾಡದ ಕಡೆ ಕಾಲುವೆ ನೀರು ಹರಿಯುವ ಹೊಲಗಳಲ್ಲಿ ನಾನೇ ನೋಡಿದ್ದೇನೆ, ಭರ್ಜರಿಯಾಗಿ ಬಂದಿತ್ತು. ಆದರೆ ಅದಕ್ಕೆ ನೀರೂ ಬೇಕು, ದಿನಗಳೂ ಬೇಕು. ಮಡ್ಡಿಯಲ್ಲಿ ಎರಡೂ ಇಲ್ಲ. ನಾನು ಚೀಲವನ್ನು ಅವನ ಕೈಯಿಂದ ಕಸಿದು ಹಲಗೆಯ ಮೇಲಿಟ್ಟೆ. ನಿನ್ನ ತೆನೆ ಚಿತ್ರದಲ್ಲೇ ಇರಲಿ, ಅವರಿಗೆ ಹೊಲದಲ್ಲಿ ಬೇಕು ಎಂದೆ. ಅವನು ಬೇಜಾರು ಮಾಡಿಕೊಂಡು ಚಹಾ ಕುಡಿಯಲು ಹೋದ.

ಮಡ್ಡಿ ಹೊಲಕ್ಕೆ ಬೀಜ ಆರಿಸುವಾಗ ನಾನು ನೋಡುವುದು ಒಂದೇ. ನೆಲದ ಹಸಿ ತೀರುವುದರೊಳಗೆ ಕಾಳು ಗಟ್ಟಿಯಾಗುತ್ತದೆಯೋ ಇಲ್ಲವೋ? ಬೇಗ ತೆನೆ ಹಾಕಿ ಬೇಗ ಮಾಗುವ ಒಂದು ಹೈಬ್ರಿಡ್ ನನ್ನ ಹತ್ತಿರ ಇತ್ತು. ಚೀಲದ ಮೇಲೆ ಚಿತ್ರವೂ ನೆಟ್ಟಗಿರಲಿಲ್ಲ, ತೆನೆಯೂ ದೊಡ್ಡದಲ್ಲ. ಆದರೆ ಹೋದ ವರ್ಷ ಮುದ್ದೇಬಿಹಾಳದ ಹತ್ತಿರ, ಅಕ್ಕ ಸಂಪದಾಳನ್ನು ಕೊಟ್ಟ ಮನೆಯವರು ಅದನ್ನು ತಮ್ಮ ಕಲ್ಲು ಹೊಲದಲ್ಲಿ ಹಾಕಿದ್ದರು. ಸುತ್ತಲಿನ ಜೋಳದ ಎಲೆಗಳು ಬುಡದಿಂದ ಒಣಗಿ ಸರಸರ ಅನ್ನುವಾಗಲೂ ಅದರ ಎಲೆ ಹಸಿರಾಗಿತ್ತು. ಗಿಡವನ್ನು ಹಿಡಿದು ಅಲುಗಾಡಿಸಿ ನೋಡಿದ್ದೆ, ಬುಡ ಗಟ್ಟಿಯಿತ್ತು. ಹಿಟ್ಟು ಬೀಸಿಸಿ ರೊಟ್ಟಿ ಮಾಡಿಸಿ ತಿಂದೂ ಬಂದಿದ್ದೆ. ಮಾಲದಂಡಿಯ ಸಿಹಿ ಇರಲಿಲ್ಲ ನಿಜ, ಆದರೆ ಬಡಿಯುವಾಗ ರೊಟ್ಟಿ ಹರಿಯಲಿಲ್ಲ.

ಇದನ್ನೆಲ್ಲ ಹೇಳಿದೆ. ಗುರಪ್ಪ ಕಾಕಾ ಒಂದೊಂದೇ ತಕರಾರು ತೆಗೆದರು. ಗಿಡ್ಡ ಜಾತಿಯಾದರೆ ದನಕ್ಕೆ ಹಾಕುವ ದಂಟು, ಕಣಕಿ ಎಲ್ಲಿಂದ? ನೆಲಕ್ಕೆ ಮಲಗಿ ಕೊಳೆತ ಉದ್ದನೆಯ ಕಣಕಿಯನ್ನು ನಿಮ್ಮ ಎತ್ತು ತಿಂದವೇ ಎಂದು ಕೇಳಿದೆ. ಇಲ್ಲ ಎಂದರು. ಇದರ ಕಾಳನ್ನು ಮುಂದಿನ ವರ್ಷಕ್ಕೆ ಬೀಜವೆಂದು ಎತ್ತಿಡಬಹುದೇ? ಇಡಬಾರದು, ಹೈಬ್ರಿಡ್ಡಿನ ಕಾಳು ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ ಆಗಿ ಹೊಲ ಕೆಡುತ್ತದೆ ಎಂದೆ. ಹಾಗಾದರೆ ಪ್ರತಿ ವರ್ಷ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು ಎಂದು ಕಣ್ಣು ಕಿರಿದು ಮಾಡಿ ನೋಡಿದರು. ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ಹೊಲದಲ್ಲಿ ಇದು ಬರದೆ ಹೋದರೆ ವರ್ಷದ ಜೋಳವನ್ನು ನನ್ನ ಮನೆಯಿಂದ ಕಳಿಸುತ್ತೇನೆ ಎಂದುಬಿಟ್ಟೆ.

ಅವರಿಗೆ ಅದು ಹಿಡಿಸಲಿಲ್ಲ. ‘ಸಂತೀದೂ ಒಂದ, ನಿಮ್ಮ ಮನೀದೂ ಒಂದ ಬಾಯಾರ. ಅಕಿ ಒಲಿ ಮುಂದ ಎರಡೂ ಮಂದೀವೇ’ ಎಂದರು.

ನಾನು ನಾಚಿ, ಆ ಬೇಗ ಮಾಗುವ ಬೀಜದ ಚೀಲವನ್ನು ತಂದು ಮುಂದಿಟ್ಟೆ. ಅವರು ಚೀಲವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡು ಹೆಗಲಿಗೆ ಹಾಕಿಕೊಂಡರು. ಸಾಲು ಅಗಲ ಬಿಡಿ, ಬೀಜ ವಿರಳವಾಗಿ ಬಿತ್ತಿ, ಇರುವ ಹಸಿಯನ್ನು ಕಡಿಮೆ ಗಿಡಗಳು ಹಂಚಿಕೊಳ್ಳಲಿ ಎಂದು ಹಿಂದಿನಿಂದ ಕೂಗಿ ಹೇಳಿದೆ. ಅವರು ಹೋದ ಮೇಲೆ ಮಾವನವರು ಕುರ್ಚಿಯಿಂದ ಒಂದೇ ಮಾತು ಹೇಳಿದರು. ‘ಮಾಲದಂಡಿ ಕೊಟ್ಟು ಕಳಿಸಿದ್ದರ ಮಳೀ ಮ್ಯಾಲೆ ಹಾಕಿ ಪಾರಾಗಬಹುದಿತ್ತು, ಮಂಜರಿ. ಈಗ ಎಲ್ಲಾ ನಿನ್ನ ಮ್ಯಾಲೇ ಬಂತು.’

ಅವರು ಹೇಳಿದ್ದು ಸರಿಯಾಗಿತ್ತು. ಮಾಲದಂಡಿ ಮಲಗಿದರೆ ಅದು ದೇವರ ಇಚ್ಛೆ, ಈ ಜೋಳ ಮಲಗಿದರೆ ನನ್ನ ತಪ್ಪು. ಅಂಗಡಿಯ ಹೆಸರು ಹಾಳಾಗಿ ಹೋಗಲಿ, ಆ ಮನೆಯ ವರ್ಷದ ರೊಟ್ಟಿ ನನ್ನ ಮಾತಿನ ಮೇಲೆ ನಿಂತಿತ್ತು. ಮುಖದ ಮೇಲೆ ಸೆರಗೆಳೆದುಕೊಂಡು ಹೋದ ಆ ಹೆಣ್ಣುಮಗಳನ್ನು ನಾನು ಕಂಡೇ ಇರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ನಮ್ಮ ಮನೆಯ ಹಿಟ್ಟಿನ ಡಬ್ಬಿ ತೆಗೆದಾಗ ಅವಳೇ ನೆನಪಾದಳು.

ಬಿತ್ತಿದ ಮೇಲೆ ಗುರಪ್ಪ ಕಾಕಾ ಆಗಾಗ ಫೋನು ಮಾಡತೊಡಗಿದರು. ಮೊದಲ ಸಲ, ಪೈರು ಬಹಳ ವಿರಳವಾಗಿದೆ, ಹೊಲ ಬೋಳು ತಲೆಯಂತೆ ಕಾಣುತ್ತದೆ ಎಂದು ಗೋಳಾಡಿದರು. ನಾನು ಒಳಗೊಳಗೇ ಹಿಗ್ಗಿದೆ. ಮುಂದಿನ ಸಲ ಗಿಡಕ್ಕೆ ಎತ್ತರವೇ ಇಲ್ಲ, ಬಾಜೂ ಹೊಲದವರು ನಗುತ್ತಾರೆ ಎಂದರು. ಹಿಗ್ಗು ಹೆಚ್ಚಾಯಿತು. ಎಳ್ಳಮಾವಾಸ್ಯೆಗೆ ಬೆಳೆಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದವರು ಅಲ್ಲಿಂದಲೇ ಫೋನು ಹಚ್ಚಿ, ಎಲ್ಲರ ಜೋಳ ಇನ್ನೂ ಎಲೆಯಲ್ಲೇ ಇರುವಾಗ ತಮ್ಮದು ಆಗಲೇ ತೆನೆ ಹೊರಹಾಕಿದೆ, ಇದೇನು ಜೋಳವೋ ಹುಲ್ಲೋ ದೇವರೇ ಬಲ್ಲ ಎಂದು ಗೊಣಗಿದರು. ಆ ದಿನ ನಾನು ಮಾವನವರಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದೆ. ಬೈದಷ್ಟೂ ಬೆಳೆ ಚಲೋ ಎಂಬ ಲೆಕ್ಕದಲ್ಲಿ ಈ ಜೋಳ ಮೊದಲ ದರ್ಜೆಯಲ್ಲಿ ಪಾಸಾಗಿತ್ತು.

ಸಂಕ್ರಮಣ ಮುಗಿದ ವಾರ ಬಂದ ಫೋನು ಮಾತ್ರ ಬೇರೆ ಥರ ಇತ್ತು. ಸೀಮೆಯ ಗುಬ್ಬಿ, ಗಿಳಿ ಎಲ್ಲ ನಮ್ಮ ಹೊಲಕ್ಕೇ ಬಂದು ಇಳಿದಿವೆ ಎಂದರು ಗುರಪ್ಪ ಕಾಕಾ. ಸುತ್ತಮುತ್ತ ಯಾರ ಹೊಲದಲ್ಲೂ ಇನ್ನೂ ಕಾಳು ಕಟ್ಟಿಲ್ಲ, ಇಡೀ ಮಡ್ಡಿಗೆ ಇದೊಂದೇ ಕಾಳಿನ ಹೊಲ, ಹಕ್ಕಿಗಳಿಗೆ ಹೋಗಲು ಬೇರೆ ಜಾಗವೇ ಇಲ್ಲ ಎಂದರು. ಹಾಳಾಯಿತು, ಕೆಟ್ಟಿತು ಎಂಬ ರಾಗ ಅದರಲ್ಲಿ ಇರಲಿಲ್ಲ. ಮೆಲ್ಲಗೆ, ಕಾರಣ ಕೊಟ್ಟು ಹೇಳಿದರು. ಹೇಳಿ ಫೋನು ಇಟ್ಟರು.

ಹಸಿಯ ಲೆಕ್ಕ ಹಾಕಿದ್ದೆ, ದಿನಗಳ ಲೆಕ್ಕ ಹಾಕಿದ್ದೆ, ಮಣ್ಣು ಕೇಳಿದ್ದೆ, ಬುಡ ಅಲುಗಾಡಿಸಿದ್ದೆ. ಊರಿಗೆಲ್ಲ ಮೊದಲು ಮಾಗುವ ಒಂದೇ ಹೊಲಕ್ಕೆ ಊರಿನ ಹಕ್ಕಿಯೆಲ್ಲ ಬರುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಮುದ್ದೇಬಿಹಾಳದಲ್ಲಿ ಅಕ್ಕನ ಮನೆಯವರ ಸುತ್ತ ನಾಲ್ಕೈದು ಜನ ಅದನ್ನೇ ಬಿತ್ತಿದ್ದರು, ಹಕ್ಕಿಗಳು ಹಂಚಿಹೋಗಿದ್ದವು. ಇಲ್ಲಿ ಗುರಪ್ಪ ಕಾಕಾ ಒಬ್ಬರೇ. ಅವರನ್ನು ಒಬ್ಬಂಟಿ ಮಾಡಿದವಳು ನಾನು.

ಆಮೇಲೆ ಫೋನೇ ಇಲ್ಲ. ನಾನಾಗಿ ಹಚ್ಚಿದರೆ ಸ್ವಿಚ್ ಆಫ್. ಬೆಳಿಗ್ಗೆ ಹಚ್ಚಿದರೂ ಸ್ವಿಚ್ ಆಫ್, ಸಂಜೆ ಹಚ್ಚಿದರೂ ಸ್ವಿಚ್ ಆಫ್. ಅಗರಖೇಡದಿಂದ ಗೊಬ್ಬರಕ್ಕೆ ಬಂದ ಒಬ್ಬರನ್ನು ಕೇಳಿದರೆ, ಗುರಪ್ಪ ಊರೊಳಗೆ ಕಂಡೇ ಇಲ್ಲ, ಗಂಡ ಹೆಂಡತಿ ಮಡ್ಡಿಯಲ್ಲೇ ಇರಬೇಕು ಎಂದರು. ಆ ದಿನಗಳಲ್ಲಿ ನಾನು ಅಂಗಡಿಗೆ ಬಂದವರ ಮೇಲೆಲ್ಲ ರೇಗಿದ್ದೇನೆ. ಕಂಪನಿಯ ಮನುಷ್ಯ ಮಾತ್ರ ನನ್ನ ಮುಖ ನೋಡಿ ಬಾಗಿಲಿನಿಂದಲೇ ವಾಪಸು ಹೋಗಿ ಜಾಣನೆನಿಸಿಕೊಂಡ.

ಮಾಘದ ಏಕಾದಶಿಯ ದಿನ ಬೆಳಿಗ್ಗೆ ಫೋನು ಬಂತು. ನಮ್ಮ ಮನೆಯಲ್ಲಿ ಎಲ್ಲರಿಗೂ ಉಪವಾಸ. ಅತ್ತೆ ಸಾವಿತ್ರೀಬಾಯಿ ದೇವರ ಮುಂದೆ ಕೂತಿದ್ದರು. ಸುಜಯ ರಜೆಯೆಂದು ಮನೆಯಲ್ಲೇ ಇದ್ದರು.

‘ಬಾಯಾರ, ಜೋಳಾ ಚಲೋ ಐತ್ರಿ,’ ಎಂದರು ಗುರಪ್ಪ ಕಾಕಾ. ‘ಇವತ್ತ ಬಂದು ನೋಡಿ ಹೋಗ್ರಿ.’

ಎಷ್ಟು ಬಂತು, ಹಕ್ಕಿ ಏನು ಮಾಡಿದವು, ಇಷ್ಟು ದಿನ ಎಲ್ಲಿದ್ದಿರಿ ಎಂದು ಒಂದೇ ಉಸಿರಿನಲ್ಲಿ ಕೇಳಿದೆ. ಅದೆಲ್ಲ ಫೋನಿನಲ್ಲಿ ಬೇಡ, ಬನ್ನಿ ಎಂದು ಇಟ್ಟುಬಿಟ್ಟರು.

ಮೂವತ್ತು ವರ್ಷ ನಮ್ಮ ಅಂಗಡಿಗೆ ಬಂದ ಮನುಷ್ಯ ಒಮ್ಮೆಯೂ ಬೆಳೆಯನ್ನು ಚಲೋ ಅಂದವರಲ್ಲ. ಮಾವನವರಿಗೆ ಹೇಳಿದೆ. ಅವರು ಜಪಮಣಿಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿ, ಹಾಗೆಂದನೇ ಎಂದು ಎರಡು ಸಲ ಕೇಳಿದರು. ಒಬ್ಬ ರೈತ ಬೆಳೆಯನ್ನು ಹೊಗಳಿದ್ದನ್ನು ಅವರು ತಮ್ಮ ಆಯುಷ್ಯದಲ್ಲಿ ಒಮ್ಮೆ ಕೇಳಿದ್ದರಂತೆ. ಆಲಿಕಲ್ಲು ಬಿದ್ದು ದ್ರಾಕ್ಷಿ ತೋಟ ನೆಲಸಮವಾದಾಗ ಒಬ್ಬಾತ ಅಂಗಡಿಯ ಮುಂದೆ ನಿಂತು, ಬೆಳೆ ಭಾಳ ಚಲೋ ಬಂದೈತಿ ಎಂದು ನಕ್ಕಿದ್ದನಂತೆ. ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಯಾವ ದೃಷ್ಟಿಯ ಭಯ?

‘ನೀ ಹೋಗಿ ಬಾ,’ ಎಂದರು ಮಾವನವರು. ‘ಬೈದರ ಬೈಸಿಕೋ. ಎದುರ ಮಾತಾಡಬ್ಯಾಡ.’

ಸುಜಯ ಮೋಟರ್‌ಸೈಕಲ್ ತೆಗೆದರು. ದಾರಿಯಲ್ಲಿ ನನಗೆ ಸಮಾಧಾನ ಹೇಳಲು, ಹಕ್ಕಿಯೊಂದು ದಿನಕ್ಕೆ ಎಷ್ಟು ಕಾಳು ತಿನ್ನಬಹುದು, ಒಂದು ತೆನೆಯಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಶುರುಮಾಡಿದರು. ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿ ಎಂದೆ. ಮಾಸ್ತರರು ಮಾತು ಕೇಳುವ ವಿದ್ಯಾರ್ಥಿಯಂತೆ ಸುಮ್ಮನಾದರು. ರಸ್ತೆಯ ಎರಡೂ ಕಡೆ ಜೋಳ ನಿಂತಿತ್ತು. ಎರೆಹೊಲಗಳಲ್ಲಿ ಪರವಾಗಿಲ್ಲ, ತೆನೆಗಳು ಹಸಿರಾಗಿ ಮೇಲೆದ್ದಿದ್ದವು. ತೆಳು ಮಣ್ಣಿನ ಹೊಲಗಳಲ್ಲಿ ಮಾಲದಂಡಿ ಸೊರಗಿ ಎಲೆ ಸುರುಳಿ ಸುತ್ತಿಕೊಂಡಿತ್ತು. ಎಲ್ಲ ಕಡೆಯೂ ನಿಂತ ಬೆಳೆಯೇ. ಕೊಯ್ಲಿಗೆ ಇನ್ನೂ ಶಿವರಾತ್ರಿ ಬರಬೇಕಿತ್ತು.

ಅಗರಖೇಡ ಬಂತು. ಊರು ಬಿಟ್ಟು ಮಡ್ಡಿಯ ಏರು ಹತ್ತಿದೆವು. ಗುರುತಿಗೆ ಅವರು ಹೇಳಿದ್ದ ಬನ್ನಿಮರ ಕಂಡಿತು. ಅದರ ಪಕ್ಕದ ಹೊಲವನ್ನು ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಸುತ್ತಲೂ ಜೋಳ ನಿಂತಿದೆ, ನಡುವೆ ಇವರ ಹೊಲ ಮಾತ್ರ ಬಟಾಬಯಲು. ಕೂಳೆಗಳಷ್ಟೇ ಉಳಿದಿವೆ. ನನಗೆ ತಿಳಿದುಹೋಯಿತು. ಹಕ್ಕಿ ತಿಂದು ಮುಗಿಸಿದ ಮೇಲೆ, ಕಾಳಿಲ್ಲದ ಗಿಡವನ್ನು ದನಕ್ಕಾದರೂ ಆಗಲಿ ಎಂದು ಕೊಯ್ದುಹಾಕಿದ್ದಾರೆ. ಕೆಟ್ಟ ಬೆಳೆಗೆ ಎಲ್ಲರೂ ಮಾಡುವುದು ಅದನ್ನೇ. ಗಾಡಿಯಿಂದ ಇಳಿದವಳು ಬದುವಿನ ಮೇಲೆ ನಿಂತುಬಿಟ್ಟೆ. ಏನು ಹೇಳಲಿ, ಯಾವ ಮುಖ ಹೊತ್ತು ಹೋಗಲಿ? ವಾಪಸು ಹೋಗೋಣ ಎಂದೆ ಸುಜಯರಿಗೆ. ಅವರು ಉತ್ತರ ಕೊಡುವ ಬದಲು ಬನ್ನಿಮರದ ಆಚೆ ಬೆರಳು ತೋರಿಸಿದರು. ಅಲ್ಲಿ ಗುರಪ್ಪ ಕಾಕಾ ಟೊಪ್ಪಿಗೆ ಬೀಸಿ ಕರೆಯುತ್ತಿದ್ದರು.

ಮರದ ಆಚೆ ಕಣ ಮಾಡಿದ್ದರು. ಕಣದ ನಡುವೆ ತಾಡಪತ್ರಿ ಮುಚ್ಚಿದ ಗುಡ್ಡೆ. ಅದರ ಮುಂದೆ ಕುಂಕುಮ, ಒಡೆದ ಕಾಯಿ, ಇನ್ನೂ ಉರಿಯುತ್ತಿದ್ದ ಊದಿನಕಡ್ಡಿ. ಗುರಪ್ಪ ಕಾಕಾ ಬಗ್ಗಿ ತಾಡಪತ್ರಿಯ ಒಂದು ತುದಿ ಎತ್ತಿದರು. ಬಿಳಿ ಜೋಳ ಜಾರಿ ನನ್ನ ಕಾಲಿನವರೆಗೆ ಬಂತು.

ನಾನು ಚಪ್ಪಲಿ ಬಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ರಾಶಿಯೊಳಗೆ ಹಾಕಿದೆ. ತುಂಬಿದ ಕಾಳು, ಗಟ್ಟಿ ಕಾಳು. ಒಂದನ್ನು ಹಲ್ಲಿಗೆ ಇಟ್ಟು ಕಡಿಯಲು ಹೋಗಿ, ಏಕಾದಶಿ ನೆನಪಾಗಿ ಉಗುರಿನಿಂದ ಒತ್ತಿ ನೋಡಿದೆ. ಉಗುರು ಇಳಿಯಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಗಂಡ ಇದ್ದಾರೆ, ಪರರು ಇದ್ದಾರೆ ಎಂದು ನೋಡಲಿಲ್ಲ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಮೊದಲೇ ಹೇಳಲು ಏನಾಗಿತ್ತು, ನಿಂತ ಬೆಳೆಗೆ ಚಲೋ ಎಂದು ಹೇಳಿ ನನ್ನ ಜೀವ ತೆಗೆದಿರಲ್ಲ ಎಂದು ಜೋರು ಮಾಡಿದೆ.

ಗುರಪ್ಪ ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. ‘ನಿಂತ ಬೆಳಿಗೆ ನಾ ಯಾಕ ಚಲೋ ಅನ್ನಲಿ ಬಾಯಾರ, ನನಗ ಬುದ್ಧಿ ಇಲ್ಲೇನು? ಕೊಯ್ದ ವಾರಾತು. ನಿನ್ನಿ ರಾಶಿ ಆತು, ಇವತ್ತ ಪೂಜಾ ಆತು. ಇನ್ನ ಅಂದ್ರ ಏನಾಗತೈತಿ?’

ನಾನು ಸುತ್ತ ನಿಂತಿದ್ದ ಹಸಿರು ತೆನೆಗಳನ್ನು ನೋಡಿದೆ. ನನ್ನ ಕೈಯಾರೆ ಬೇಗ ಮಾಗುವ ಬೀಜ ಆರಿಸಿ ಕೊಟ್ಟವಳು ನಾನು. ಆದರೂ ಮಾಘದಲ್ಲಿ ಜೋಳವೆಂದರೆ ಹೊಲದಲ್ಲಿ ನಿಂತೇ ಇರಬೇಕು ಎಂಬುದು ನನ್ನ ತಲೆಯಲ್ಲಿ, ಮಾವನವರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಅದು ಕೊಯ್ಲಾಗಿ ಮನೆ ಸೇರುವ ಹೊತ್ತಾಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಸುಜಯ ನಗತೊಡಗಿದರು. ನನಗೂ ನಗು ಬಂತು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ.

ಹಕ್ಕಿಗಳ ಕಥೆ ಆಮೇಲೆ ಗೊತ್ತಾಯಿತು. ಗುರಪ್ಪ ಕಾಕಾ ಕೈಚೆಲ್ಲಿ ಕೂತಿದ್ದಾಗ ಅವರ ಹೆಂಡತಿ ಇಂದುಬಾಯಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು ಕವಣೆ ಹಿಡಿದು ನಿಂತರಂತೆ. ಹೊಲದ ಒಂದು ಬದಿಗೆ ಆಕೆ, ಇನ್ನೊಂದು ಬದಿಗೆ ತಗಡು ಬಡಿಯುತ್ತ ಈತ. ಮೂರನೆಯ ಬದಿಗೆ ಕಾಕಾನ ಫೋನನ್ನು ಕೋಲಿಗೆ ಕಟ್ಟಿ ಭಜನೆ ಹಚ್ಚಿಬಿಡುತ್ತಿದ್ದರು. ಬ್ಯಾಟರಿ ಮುಗಿಯುವವರೆಗೆ ಹಕ್ಕಿಗಳು ಆ ಕಡೆ ಸುಳಿಯುತ್ತಿರಲಿಲ್ಲ, ಮುಗಿದ ಮೇಲೆ ನಾನು ಫೋನು ಹಚ್ಚುತ್ತಿದ್ದೆ. ದಂಡೆಯ ಸಾಲುಗಳನ್ನು ಗಿಳಿಗಳು ತಿಂದುಹೋದವು. ಕಾಳು ಗಟ್ಟಿಯಾದದ್ದೇ ತಡ, ಒಂದು ದಿನವೂ ಕಾಯದೆ ಕೊಯ್ದರು. ಕಣಕಿ ಗಿಡ್ಡವೇ, ಬಣವಿ ಸಣ್ಣದೇ. ಆದರೆ ಎಲೆ ಇನ್ನೂ ಹಸಿರಿದ್ದಾಗ ಕೊಯ್ದದ್ದರಿಂದ ಎತ್ತುಗಳು ಬುಡವನ್ನೂ ಬಿಡದೆ ತಿನ್ನುತ್ತಿವೆ ಎಂದರು. ಮುಂದಿನ ವರ್ಷ ಬಾಜೂ ಹೊಲದ ಚಂದಪ್ಪನೂ ಇದನ್ನೇ ಬಿತ್ತುತ್ತಾನಂತೆ. ಹಾಗೆ ಮಾಡಿಸಿ, ಹಕ್ಕಿ ಹಂಚಿಹೋಗಲಿ ಎಂದೆ. ಹಕ್ಕಿಯ ವಿಷಯ ಇನ್ನು ಮೇಲೆ ನಾನು ಯಾರಿಗೂ ಹೇಳದೆ ಬೀಜ ಕೊಡುವುದಿಲ್ಲ.

ಮನೆಗೆ ಹೋಗಲೇಬೇಕು ಎಂದು ಹಟ ಹಿಡಿದರು. ಹೋದೆವು. ಇಂದುಬಾಯಿ ಒಲೆಯ ಮುಂದೆ ಇದ್ದರು. ಬಿಸಿಲಿಗೆ ಸುಟ್ಟ ಮುಖ, ಕವಣೆ ಬೀಸಿ ಬೀಸಿ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಮನಸ್ಸಿನಲ್ಲಿ ಕಂಡಿದ್ದ ಅಳುಬುರುಕ ಹೆಣ್ಣುಮಗಳಿಗೂ ಇವರಿಗೂ ಏನೇನೂ ಸಂಬಂಧವಿರಲಿಲ್ಲ. ಹೊಸ ಜೋಳದ ಹಿಟ್ಟು ಅಂದೇ ಬೀಸಿಸಿ ತಂದಿದ್ದರು. ನಮಗೆ ಮಣೆ ಹಾಕಿದರು. ಸುಜಯ ಸಂಕೋಚದಿಂದ ಏನೋ ಹೇಳಹೊರಟರು, ಆಕೆ ಕೈಯೆತ್ತಿ ತಡೆದರು.

‘ಇವತ್ತ ನಿಮ್ಮದು ಏಕಾದಶಿ, ನನಗ ಗೊತ್ತೈತ್ರಿ. ಉಣ್ಣ್ರಿ ಅನ್ನೂದಿಲ್ಲ. ಆದ್ರ ಕುಂಡ್ರಬೇಕ. ನಾವು ಉಣ್ಣೂದು ನೋಡಿ ಹೋಗ್ರಿ.’

ಕೂತೆವು. ಇಂದುಬಾಯಿ ಹಿಟ್ಟು ನಾದಿ ಮುದ್ದೆ ಮಾಡಿ ಮರದ ಕೊಣಮಿಗೆಯಲ್ಲಿ ಬಡಿಯತೊಡಗಿದರು. ನಾನು ಅಂಚನ್ನೇ ನೋಡುತ್ತಿದ್ದೆ. ಹೈಬ್ರಿಡ್ ಜೋಳದ ಮೇಲೆ ಹೆಂಗಸರ ದೂರು ಇರುವುದೇ ಅಲ್ಲಿ, ಅಗಲವಾದಂತೆ ಅಂಚು ಸೀಳುತ್ತದೆ. ರೊಟ್ಟಿ ತಿರುಗುತ್ತ ತಿರುಗುತ್ತ ಚಂದ್ರನಷ್ಟು ಅಗಲವಾಯಿತು, ಸೀಳಲಿಲ್ಲ. ಹಂಚಿಗೆ ಬಿತ್ತು. ಮೇಲೆ ನೀರು ಸವರಿದರು, ಮಗುಚಿದರು, ಉಬ್ಬಿತು. ನನ್ನ ಹೊಟ್ಟೆ ಹಸಿವಿಗೆ ಗುರುಗುಟ್ಟಿತು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಗುರಪ್ಪ ಕಾಕಾನ ತಟ್ಟೆಗೆ ಮೊದಲ ರೊಟ್ಟಿ ಬಿತ್ತು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಿತ್ತು. ಅವರು ರೊಟ್ಟಿಯನ್ನೇ ಒಂದು ಚೂರು ಮುರಿದು, ಏನೂ ಹಚ್ಚಿಕೊಳ್ಳದೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಇಂದುಬಾಯಿ ಕೈಯಲ್ಲಿ ಹಿಟ್ಟಿನ ಮುದ್ದೆ ಹಿಡಿದು ತಿರುಗಿ ನೋಡಿದರು.

‘ಹ್ಯಾಂಗೈತಿ?’ ಎಂದು ಕೇಳಿದರು.

ಕಾಕಾ ಇನ್ನೊಂದು ಚೂರು ಮುರಿದರು.

‘ನಮ್ಮ ಹೊಲದ್ದೈತಿ,’ ಎಂದರು.

ಇಂದುಬಾಯಿ ಒಲೆಯ ಕಡೆ ತಿರುಗಿ ಮುಂದಿನ ರೊಟ್ಟಿಯನ್ನು ಬಡಿಯತೊಡಗಿದರು. ನಾನು ಗೋಡೆಗೆ ಒರಗಿ ಕೂತೆ, ಅವರಿಬ್ಬರೂ ಉಂಡು ಕೈತೊಳೆಯುವವರೆಗೆ ಏಳಲಿಲ್ಲ.